ಕನ್ನಡಕದ ಖರೀದಿ: ಪರದೆಯೂ ಅಂಗಡಿಯೂ

ವಸ್ತುವನ್ನು ಮನೆಯಲ್ಲಿಯೇ ಕುಳಿತು ಮೊಬೈಲಿನಲ್ಲಿ ಆರಿಸಿ, ಅನಂತರ ಅಂಗಡಿಗೆ ಹೋಗಿ ಪರೀಕ್ಷಿಸಿ ಕೊಳ್ಳುವ ಪದ್ಧತಿಯು ಈಗ ರೂಢಿಗೆ ಬಂದಿರುವುದನ್ನು ವಾಚಕ ಮಹಾಶಯರು ಬಲ್ಲರು. ಇದರ ಗುಣದೋಷಗಳನ್ನರಿಯಲು ಕನ್ನಡಕದ ವ್ಯಾಪಾರವೇ ಸಾಕು. ಸಂಸ್ಕೃತದಲ್ಲಿ ಇದಕ್ಕೆ ಉಪನೇತ್ರವೆಂದು ಹೆಸರು. ಕಣ್ಣಿನ ಸಮೀಪದಲ್ಲಿರತಕ್ಕ ವಸ್ತುವನ್ನು ದೂರದಿಂದಲೇ ಕೊಳ್ಳಹೊರಟುದು ವಿಚಿತ್ರವಲ್ಲವೆ!

2010ರಲ್ಲಿ ಜಾಲತಾಣದ ಮೂಲಕ ಕನ್ನಡಕಗಳನ್ನು ಮಾರತೊಡಗಿದ ಲೆನ್ಸ್‌ಕಾರ್ಟ್ ಸಂಸ್ಥೆಯು ಬಳಿಕ ಅನೇಕ ಊರುಗಳಲ್ಲಿ ಅಂಗಡಿಗಳನ್ನೂ ತೆರೆಯಿತು. ನೂರಾರು ಫ್ರೇಮುಗಳನ್ನು ಪರದೆಯು ತೋರಿಸಬಲ್ಲುದು. ಅದನ್ನು ಮೂಗಿನ ಮೇಲೆ ಸರಿಯಾಗಿ ಕೂಡಿಸಲು ಮನುಷ್ಯನ ಕೈಯೇ ಬೇಕು. ಓದುವುದಕ್ಕೂ ದೂರ ನೋಡುವುದಕ್ಕೂ ಒಂದೇ ಕನ್ನಡಕವನ್ನು ಧರಿಸುವ ವೃದ್ಧರ ವಿಷಯದಲ್ಲಂತೂ, ಎರಡು ಕಣ್ಣುಪಾಪೆಗಳ ನಡುವಣ ಅಂತರವಾಗಲಿ, ಪಾಪೆಯ ಎದುರಿಗೆ ಮಸೂರವು ನಿಲ್ಲುವ ಎತ್ತರವಾಗಲಿ ಕೆಲವೇ ಮಿಲಿಮೀಟರು ವ್ಯತ್ಯಾಸವಾದರೂ ಮೆಟ್ಟಿಲಿಳಿಯುವಾಗ ಹೆಜ್ಜೆ ತಪ್ಪುವ ಭಯವುಂಟು.

ಆದುದರಿಂದ ಫ್ರೇಮನ್ನು ಮನೆಯಲ್ಲಿ ಆರಿಸಿದರೂ ಅಳತೆಯನ್ನು ಅಂಗಡಿಯಲ್ಲಿಯೇ ಕೊಡತಕ್ಕದ್ದು. ಅದರ ಚೀಟಿಯನ್ನು ಕೇಳಿ ಪಡೆಯತಕ್ಕದ್ದು. ಜಾಲದಲ್ಲಿ ಕೊಂಡುದನ್ನು ಅಂಗಡಿಯವರು ಹಿಂದಕ್ಕೆ ಪಡೆಯುವರೇ ಎಂಬುದನ್ನು ಹಣ ಕೊಡುವುದಕ್ಕೆ ಮೊದಲೇ ವಿಚಾರಿಸಬೇಕು. ಹಿಂದಿರುಗಿಸುವ ಕ್ರಮವನ್ನು ಮಾರಾಟದ ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ವಿಧಿಸಿವೆ. ದೂರು ತಲುಪಿತೆಂದು 48 ಗಂಟೆಗಳೊಳಗೆ ತಿಳಿಸುವುದೂ, ಒಂದು ತಿಂಗಳೊಳಗೆ ಪರಿಹಾರ ಮಾಡುವುದೂ ಆ ಸಂಸ್ಥೆಯ ಹೊಣೆ.