ಮೊಬೈಲಲ್ಲಿ ಉಂಟು ಅಂದರೆ ಮನೆಯಲ್ಲಿ ಉಂಟು ಅಂತಲ್ಲ

‘ಫೋಟೋ ಪ್ರಿಂಟ್ ಹಾಕಿಸುವುದೆಲ್ಲ ಹಳೇ ಕಾಲದ ಕತೆ, ಈಗ ಎಲ್ಲಾ ಮೊಬೈಲಲ್ಲೇ ಉಂಟಲ್ಲ ಮಾರಾಯ್ರೆ’ ಎಂಬ ಮಾತು ನಮ್ಮ ರೂಮುಗಳಲ್ಲಿ ದಿನಾ ಕೇಳಿಬರುತ್ತದೆ. ನಾವು ಇದನ್ನು ಒಪ್ಪುವುದಿಲ್ಲ. ಊರಲ್ಲೇ ಇರುವವರಿಗೆ ಅದು ಸರಿ ಇರಬಹುದು. ದಮ್ಮಾಮ್, ಜುಬೈಲ್, ರಿಯಾದ್ ಅಂತ ದುಡಿಯುತ್ತಾ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿಬರುವ ನಮಗೆ ಇದು ಅಪಾಯದ ಮಾತು.

ಯಾಕೆಂದರೆ ನಮ್ಮಲ್ಲಿ ಎಷ್ಟೋ ಮಂದಿ ಮಕ್ಕಳ ಬಾಲ್ಯವನ್ನು ಕಂಡದ್ದೇ ಫೋಟೋದಲ್ಲಿ. ಮಗು ಅಂಬೆಗಾಲಿಟ್ಟದ್ದು, ಮೊದಲ ಹಲ್ಲು ಬಂದದ್ದು, ಟೊಪ್ಪಿ ಹಾಕಿ ಮದ್ರಸಕ್ಕೆ ಹೊರಟದ್ದು, ಎಲ್ಲವೂ ಮನೆಯವರು ವಾಟ್ಸ್ಯಾಪಲ್ಲಿ ಕಳಿಸಿದ ಚಿತ್ರಗಳು. ಊರಲ್ಲಿರುವ ತಂದೆಗೆ ಫೋಟೋ ಹೋದರೂ ಕಣ್ಣಲ್ಲಿ ಕಂಡದ್ದು ಉಳಿಯುತ್ತದೆ. ನಮಗೆ ಫೋಟೋ ಹೋದರೆ ಅದರ ಹಿಂದೆ ಬೇರೇನೂ ಇಲ್ಲ.

ಹೋಗುವುದು ಹೇಗೆ ಅಂತ ಕೇಳುತ್ತೀರಾ? ನಮ್ಮ ಜೊತೆ ಇದ್ದ ಒಬ್ಬರು ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಹೋದರು. ಇಖಾಮಾ ಮೇಲೆ ತೆಗೆದ ಸಿಮ್ ಸ್ವಲ್ಪ ದಿನದಲ್ಲಿ ಸತ್ತಿತು. ಮಳೆಗಾಲದಲ್ಲಿ ಫೋನಿಗೆ ನೀರು ಹೋಯಿತು. ಹೊಸ ಫೋನಿನಲ್ಲಿ ಜಿಮೇಲ್ ತೆರೆಯಲು ಹೋದರೆ ಕೋಡ್ ಬರುವುದು ಅದೇ ಸತ್ತ ಸೌದಿ ನಂಬರಿಗೆ. ಪಾಸ್‌ವರ್ಡ್ ಬರೆದಿಟ್ಟಿರಲಿಲ್ಲ, ಹಾಕಿಕೊಟ್ಟದ್ದು ಮೊಬೈಲ್ ಅಂಗಡಿಯ ಹುಡುಗ. ‘ಹೆದರಬೇಡಿ, ಕ್ಲೌಡಲ್ಲಿ ಇರ್ತದೆ’ ಅಂತ ಎಲ್ಲರೂ ಸಮಾಧಾನ ಹೇಳಿದರು. ಇರಬಹುದು. ಬಾಗಿಲೇ ತೆರೆಯದಿದ್ದರೆ ಒಳಗೆ ಇದ್ದು ಏನು ಪ್ರಯೋಜನ? ಅವರ ಮಗಳ ಮೊದಲ ಆರು ವರ್ಷ ಹಾಗೆಯೇ ಹೋಯಿತು.

ಬಾಗಿಲಿನ ಒಡೆಯರು ನಾವಲ್ಲ ಎಂಬುದನ್ನೂ ನೆನಪಿಡಬೇಕು. ಗೂಗಲ್ ಫೋಟೋಸ್‌ನಲ್ಲಿ ಬೇಕಾದಷ್ಟು ಪುಕ್ಕಟೆ ಇಡಬಹುದು ಅಂತಿದ್ದದ್ದು 2021ರ ಜೂನ್ 1ಕ್ಕೆ ನಿಂತಿತು. ಈಗ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲೂ ಸೇರಿ. ಎರಡು ವರ್ಷ ಬಳಸದೇ ಬಿಟ್ಟ ಖಾತೆಯನ್ನು ಫೋಟೋ ಸಮೇತ ಅಳಿಸುವ ನಿಯಮವೂ ಉಂಟು. ಇನ್ನು ಫೋನ್ ತುಂಬಿದಾಗ ನಾವು ಮಾಡುವುದೇನು? ಬೆಳಗ್ಗಿನ ಹೂವಿನ ಚಿತ್ರಗಳ ಜೊತೆಗೆ ಮಗುವಿನ ಚಿತ್ರವನ್ನೂ ಒಟ್ಟಿಗೇ ಒತ್ತಿ ಡಿಲೀಟ್.

ಎಂಬತ್ತು, ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದ ಹಿರಿಯರು ಒಂದು ರೀಲಿನ 36 ಫೋಟೋಗಳನ್ನು ಲೆಕ್ಕ ಹಾಕಿ ತೆಗೆಯುತ್ತಿದ್ದರು. ತೊಳೆಸಿ, ಕವರಿಗೆ ಹಾಕಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಉಳ್ಳಾಲ, ಬಂಟ್ವಾಳ, ಪುತ್ತೂರಿನ ಮನೆಗಳ ಕಪಾಟಿನಲ್ಲಿ ಅವು ಇವತ್ತಿಗೂ ಇವೆ. ಬಣ್ಣ ಕೆಂಪಗೆ ತಿರುಗಿದೆ, ಮೂಲೆ ಮಡಚಿದೆ, ಆದರೆ ಮುಖ ಕಾಣುತ್ತದೆ. ಯಾವ ಕೋಡೂ ಬೇಡ.

ಉಮ್ಮನ ವಿಷಯ ಬೇರೆಯೇ. ಮಗನ ಮುಖ ನೋಡಬೇಕೆಂದರೆ ಆಕೆ ಮೊಮ್ಮಗನನ್ನು ಬೇಡಬೇಕು. ಅವನು ಗೇಮ್ ಆಡುತ್ತಿರುತ್ತಾನೆ. ತೋರಿಸಿದರೂ ಎರಡು ಸೆಕೆಂಡ್, ಬೆರಳು ತಾಗಿದರೆ ಚಿತ್ರ ಜಾರಿ ಬೇರೆಯದು ಬರುತ್ತದೆ. ಆಲ್ಬಮ್ ಇದ್ದರೆ ಅಸರ್ ನಮಾಝ್ ಮುಗಿಸಿ, ಕನ್ನಡಕ ಹಾಕಿ, ಯಾರನ್ನೂ ಕೇಳದೆ ತಾನೇ ತೆಗೆದು ನೋಡುತ್ತಾಳೆ. ವೀಡಿಯೋ ಕಾಲ್ ಇಲ್ಲವೇ ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ: ಕಾಲ್ ಇರುವುದು ನಿಮಗೆ ಡ್ಯೂಟಿ ಇಲ್ಲದಾಗ ಮಾತ್ರ.

ಗೋಡೆಗೆ ಫೋಟೋ ತೂಗುವುದು ಸರಿಯಲ್ಲ ಎಂದು ನಮ್ಮಲ್ಲಿ ಅನೇಕರು ತೂಗುವುದಿಲ್ಲ. ಆ ಚರ್ಚೆ ಉಸ್ತಾದರಿಗೆ ಬಿಡೋಣ. ನಾವು ಹೇಳುತ್ತಿರುವುದು ಕಪಾಟಿನ ಒಳಗಿನ ಆಲ್ಬಮ್ ಬಗ್ಗೆ. ಹಾಗೆ ನೋಡಿದರೆ, ಮನೆಯ ಹೆಣ್ಣುಮಕ್ಕಳ ಮರ್ಯಾದೆ ಕಾಯುವುದೂ ಅದೇ. ಮದುವೆ ಮನೆಯಲ್ಲಿ ತೆಗೆದ ಫೋಟೋ ಸಂಜೆಯೊಳಗೆ ಗುರುತಿಲ್ಲದವರ ಸ್ಟೇಟಸ್‌ನಲ್ಲಿ ಕಂಡು ಎಷ್ಟು ಮನೆಗಳಲ್ಲಿ ಜಗಳ ಆಗಿಲ್ಲ? ಕಪಾಟಿನಲ್ಲಿರುವ ಪ್ರಿಂಟನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನಮ್ಮ ಊರಿನ ಮಳೆಗೆ ಪ್ರಿಂಟೂ ಹಾಳಾಗುತ್ತದೆ ಎಂಬ ವಾದ ಸುಳ್ಳಲ್ಲ. ಬೂಸ್ಟು ಹಿಡಿಯುತ್ತದೆ, ಫ್ರೇಮಿನ ಗಾಜಿಗೆ ಅಂಟಿಕೊಳ್ಳುತ್ತದೆ. ಆದರೆ ಅದು ನಮ್ಮ ಕೈಯಲ್ಲಿರುವ ಕೆಲಸ. ಮನೆಯ ಪ್ರಿಂಟರ್ ಬೇಡ, ಸ್ಟುಡಿಯೋದಲ್ಲಿ ಫೋಟೋ ಪೇಪರಿನಲ್ಲೇ ಹಾಕಿಸಿ. ಗಮ್ ಹಾಳೆಯ ಆಲ್ಬಮ್ ಬೇಡ, ಜೇಬಿನಂಥ ಹಾಳೆಯದ್ದು ಸಾಕು. ಹಿಂಬದಿ ಬಾಲ್‌ಪೆನ್ ಒತ್ತಿ ಬರೆದರೆ ಗುರುತು ಮುಂದೆ ಮೂಡುತ್ತದೆ, ಹೆಸರು, ವರ್ಷವನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಮೂಲ ಚಿತ್ರವನ್ನು ವಾಟ್ಸ್ಯಾಪಲ್ಲಿ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ, ಇಲ್ಲದಿದ್ದರೆ ಚಿತ್ರ ಸಣ್ಣದಾಗಿ ಬರುತ್ತದೆ.

ಫೋನನ್ನು ಬಿಸಾಡಿ ಅಂತ ನಾವು ಹೇಳುತ್ತಿಲ್ಲ. ಬೆಂಕಿ, ನೆರೆ ಬಂದರೆ ಆಲ್ಬಮ್ ಹೋಗುತ್ತದೆ, ಆಗ ಫೋನಿನ ಪ್ರತಿಯೇ ಗತಿ. ಎಕ್ಸಿಟ್‌ಗೆ ಮುಂಚೆ ಜಿಮೇಲಿಗೆ ಊರಿನ ನಂಬರ್ ಜೋಡಿಸಿ, ಪಾಸ್‌ವರ್ಡ್ ಬರೆದು ಮನೆಯವರಿಗೆ ಕೊಡಿ. ಆದರೆ ಫೋನ್ ಒಂದನ್ನೇ ನಂಬಬೇಡಿ.

ಖರ್ಚಿನ ಮಾತು ಆಡುವವರ ಜೊತೆ ನಮಗೆ ವಾದವೇ ಬೇಡ. ಟ್ಯಾಂಗ್, ನಿಡೋ, ಕಂಬಳಿ ಅಂತ ಕಾರ್ಗೋ ತುಂಬುವ ನಮಗೆ ವರ್ಷಕ್ಕೆ ಒಂದು ರೀಲಿನಷ್ಟು, ಬರೀ 36 ಪ್ರಿಂಟ್ ಭಾರವೇ? ಅದು ಒಂದು ಸಾಬೂನಿನಷ್ಟೂ ಜಾಗ ತಿನ್ನುವುದಿಲ್ಲ. ನಿಮ್ಮ ರೂಮಿನಿಂದ ಮುಂದಿನ ತಿಂಗಳು ಊರಿಗೆ ಹೋಗುವವರಿದ್ದರೆ ಈ ಶುಕ್ರವಾರ ಕೂತು 36 ಆರಿಸಿ ಕೊಡಿ. ಅದರಲ್ಲಿ ನಿಮ್ಮದೂ ಒಂದಿರಲಿ, ಕೆಲಸದ ಬಟ್ಟೆಯಲ್ಲೇ ಇದ್ದರೂ ಪರವಾಗಿಲ್ಲ.