ತಾಲ್ಲೂಕಿಗೊಂದು ಸಂಕೇತ ಇನ್ನೂ ಬೇಕೆ?

ಚುಂಚನಕಟ್ಟೆಯ ಒಂದು ಮನೆಯ ಸ್ಥಿರ ದೂರವಾಣಿಯಿಂದ ನೆರೆಮನೆಯ ದೂರವಾಣಿಯನ್ನು ಕರೆಯಲು ಆರು ಅಂಕಿಗಳು ಸಾಕು. ಮೈಸೂರಿನಿಂದ ಕರೆಯುವವರು ಅವುಗಳ ಮುಂದೆ 08223 ಎಂದು ಸೇರಿಸಬೇಕು. ಇದು ಇಷ್ಟು ಕಾಲ ನಡೆದುಬಂದ ಪದ್ಧತಿ. 2025ರ ಫೆಬ್ರವರಿಯಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಈ ಪದ್ಧತಿಯನ್ನು ಬದಲಾಯಿಸಬೇಕೆಂದು ಸರ್ಕಾರಕ್ಕೆ ಶಿಫಾರಸು ಮಾಡಿತು. ಅದರಂತೆ ನಡೆದರೆ, ಒಂದು ಸ್ಥಿರ ದೂರವಾಣಿಯಿಂದ ಇನ್ನೊಂದನ್ನು ಕರೆಯುವಾಗ, ಅದು ಪಕ್ಕದ ಮನೆಯದೇ ಆಗಿರಲಿ, ಸೊನ್ನೆ, ಸಂಕೇತ, ಸಂಖ್ಯೆ ಎಲ್ಲವೂ ಸೇರಿ ಹನ್ನೊಂದು ಅಂಕಿಗಳನ್ನು ಒತ್ತಬೇಕಾಗುತ್ತದೆ. ಈಗಿರುವ ಯಾರ ಸಂಖ್ಯೆಯೂ ಬದಲಾಗದು. ಆದರೆ ಸಂಖ್ಯೆಗೂ ತಾಲ್ಲೂಕಿಗೂ ನಡುವೆ ಬಹುಕಾಲದಿಂದ ಇದ್ದ ಗಂಟು ಬಿಚ್ಚಿಹೋಗುತ್ತದೆ. ಇಡೀ ಕರ್ನಾಟಕವೇ ಒಂದು ಘಟಕವಾಗುತ್ತದೆ.

ಇದನ್ನು ಕೇಳಿದೊಡನೆ ಹಳ್ಳಿಯವರಿಗೆ ಹೊಳೆಯುವ ಆಕ್ಷೇಪ ನ್ಯಾಯವಾದದ್ದೇ. ಸಂಖ್ಯೆಗಳಿಗೆ ಬೇಡಿಕೆ ಹೆಚ್ಚಿರುವುದು ನಗರಗಳಲ್ಲಿ. ಹಾಗಿರುವಾಗ ಐದು ಅಂಕಿಗಳನ್ನು ಹೆಚ್ಚಾಗಿ ಒತ್ತುವ ಕಷ್ಟ ಕೃಷ್ಣರಾಜನಗರದ ಸೀಮೆಯವರಿಗೆ ಏತಕ್ಕೆ? ಆರು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡಿರುವ ಮುದುಕಿಯೊಬ್ಬಳು ನಾಳೆ ಹನ್ನೊಂದನ್ನು ಕಲಿಯಬೇಕೆ? ಈ ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಹೇಳಬೇಕಾದರೆ, ಸಂಕೇತವೆಂಬುದು ಹುಟ್ಟಿದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು.

ಅಮೆರಿಕದಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತ 1891ರಲ್ಲಿ ಸ್ವಯಂಚಾಲಿತ ವಿನಿಮಯ ಯಂತ್ರವೊಂದಕ್ಕೆ ಏಕಸ್ವಾಮ್ಯ ಪಡೆದ. ಆ ಯಂತ್ರದ ವಂಶಕ್ಕೆ ಸೇರಿದ ವಿನಿಮಯ ಕೇಂದ್ರಗಳಲ್ಲಿ ಚಂದಾದಾರನು ದೂರವಾಣಿಯ ಚಕ್ರವನ್ನು ತಿರುಗಿಸಿದಾಗ, 3 ಎಂಬ ಅಂಕಿಗೆ ಮೂರು ವಿದ್ಯುತ್ ಮಿಡಿತಗಳು, 8ಕ್ಕೆ ಎಂಟು, ಸೊನ್ನೆಗೆ ಹತ್ತು ಮಿಡಿತಗಳು ತಂತಿಯ ಮೂಲಕ ಹೋಗುತ್ತಿದ್ದುವು. ಪ್ರತಿಯೊಂದು ಅಂಕಿಯೂ ಒಂದೊಂದು ಲೋಹದ ತೋಳನ್ನು ಅಷ್ಟಷ್ಟು ಮೆಟ್ಟಿಲು ಏರಿಸುತ್ತಿತ್ತು. ಎಂದರೆ, ಅಲ್ಲಿ ಸಂಖ್ಯೆಯು ಬರಿಯ ಹೆಸರಾಗಿರಲಿಲ್ಲ, ಅದೇ ದಾರಿ. ಮೊದಲ ಅಂಕಿ ಯಾವ ಹೆದ್ದಾರಿ ಎಂದು ಹೇಳಿದರೆ, ಮುಂದಿನದು ಯಾವ ಕವಲು, ಕೊನೆಯದು ಯಾವ ಮನೆ ಎಂದು ಹೇಳುತ್ತಿತ್ತು. ಊರಿಗೆ ಅಂಟದ ಸಂಖ್ಯೆಯನ್ನು ಆ ಯಂತ್ರದ ಕಾಲದಲ್ಲಿ ಊಹಿಸುವುದೇ ಸಾಧ್ಯವಿರಲಿಲ್ಲ.

1947ರಲ್ಲಿ ಅಮೆರಿಕವು ತನ್ನ ಪ್ರದೇಶ ಸಂಕೇತಗಳನ್ನು ಹಂಚಿದಾಗ ನ್ಯೂಯಾರ್ಕ್ ನಗರಕ್ಕೆ 212 ದೊರೆತದ್ದು ಆಕಸ್ಮಿಕವಲ್ಲ. ಅದಕ್ಕೆ ಐದೇ ಮಿಡಿತಗಳು. ಹೆಚ್ಚು ಜನ ಕರೆಯುವ ಊರನ್ನು ಬೇಗನೆ ಕರೆಯುವಂತಾಗಲಿ ಎಂಬ ಉಪಾಯ. ಆ ಲೆಕ್ಕದಲ್ಲಿ ನಮ್ಮ ಬೆಂಗಳೂರಿನ 80 ಬಲು ದುಬಾರಿಯ ಸಂಕೇತ! ಎಂಟೂ ಹತ್ತೂ ಸೇರಿ ಹದಿನೆಂಟು ಮಿಡಿತಗಳಾದುವು.

ನಮ್ಮ ದೇಶದಲ್ಲಿ ಚಂದಾದಾರನೇ ನೇರವಾಗಿ ದೂರದ ಊರನ್ನು ಕರೆಯುವ ಸೌಕರ್ಯ 1960ರಲ್ಲಿ ಕಾನ್ಪುರ ಮತ್ತು ಲಖನೌಗಳ ನಡುವೆ ಮೊದಲಾಯಿತು. ಮುಂದೆ ಬೆಳೆದ ಯೋಜನೆಯ ತಿರುಳು ಸರಳವಾದದ್ದು: ಮೊದಲಿನ ಸೊನ್ನೆಯನ್ನು ಬಿಟ್ಟರೆ, ಸಂಕೇತವೂ ಸ್ಥಳೀಯ ಸಂಖ್ಯೆಯೂ ಸೇರಿ ಹತ್ತು ಅಂಕಿಗಳು. ದೊಡ್ಡ ಊರಿಗೆ ಚಿಕ್ಕ ಸಂಕೇತ, ಚಿಕ್ಕ ಊರಿಗೆ ದೊಡ್ಡ ಸಂಕೇತ. ಬೆಂಗಳೂರಿಗೆ 80, ಉಳಿದದ್ದು ಎಂಟು ಅಂಕಿ. ಮೈಸೂರಿಗೆ 821, ಉಳಿದದ್ದು ಏಳು. ಹುಣಸೂರಿಗೆ 8222, ಕೃಷ್ಣರಾಜನಗರ ಮತ್ತು ಪಿರಿಯಾಪಟ್ಟಣಗಳಿಗೆ 8223, ಹೆಗ್ಗಡದೇವನಕೋಟೆಗೆ 8228. ಇವುಗಳಲ್ಲಿ ಉಳಿದದ್ದು ಆರಾರು.

ಇಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಒಂದು ಸಂಕೇತವು ಇನ್ನೊಂದರ ಆರಂಭವಾಗಿರಕೂಡದು. 821 ಮೈಸೂರಿನದಾದ ಮೇಲೆ 8213 ಎಂಬ ಸಂಕೇತವನ್ನು ಯಾವ ಊರಿಗೂ ಕೊಡುವಂತಿಲ್ಲ. ಕೊಟ್ಟರೆ, ಒತ್ತಿದ ಅಂಕಿಗಳು ಮೈಸೂರಿನ 3ರಿಂದ ಆರಂಭವಾಗುವ ಸಂಖ್ಯೆಯೋ ಆ ಇನ್ನೊಂದು ಊರೋ ಎಂದು ಯಂತ್ರಕ್ಕೆ ತಿಳಿಯಲಾರದು. ಆದ್ದರಿಂದ ಪ್ರತಿ ಸಂಕೇತವೂ ಒಂದು ಮರದ ಕೊಂಬೆಯಿದ್ದಂತೆ: ಅದನ್ನು ಒಬ್ಬರಿಗೆ ಕೊಟ್ಟರೆ ಅದರ ಮೇಲಿನ ರೆಂಬೆಗಳೆಲ್ಲವೂ ಅವರ ಪಾಲು.

ಈಗ ವಾಚಕರು ಒಂದು ಸಣ್ಣ ಲೆಕ್ಕ ಮಾಡಲಿ. 8223ರ ಮುಂದೆ ಆರು ಅಂಕಿಗಳೆಂದರೆ ಹತ್ತು ಲಕ್ಷ ಸಂಖ್ಯೆಗಳು. ಸ್ಥಳೀಯ ಸಂಖ್ಯೆ 2ರಿಂದ 6ರವರೆಗಿನ ಅಂಕಿಯಿಂದಲೇ ಆರಂಭವಾಗಬೇಕೆಂಬ ಕಟ್ಟಳೆಯಿರುವುದರಿಂದ ಅರ್ಧ ಕಳೆಯೋಣ. ಐದು ಲಕ್ಷ ಉಳಿಯುತ್ತದೆ. ಎರಡು ತಾಲ್ಲೂಕುಗಳ ಮನೆಗಳನ್ನೆಲ್ಲ ಎಣಿಸಿ, ಪ್ರತಿ ಮನೆಗೂ ಒಂದೊಂದು ಸ್ಥಿರ ದೂರವಾಣಿ ಹಾಕಿದರೂ ಇದು ಮುಗಿಯದು. ಎಲ್ಲರ ಜೇಬಿನಲ್ಲಿಯೂ ಮೊಬೈಲು ಬಂದ ಈ ಕಾಲದಲ್ಲಿ ಸ್ಥಿರ ದೂರವಾಣಿಗಳು ಎಷ್ಟು ವಿರಳವೆಂಬುದನ್ನು ಹೇಳಬೇಕಾದುದಿಲ್ಲ. ದೇಶದಲ್ಲಿ ಇಂಥ ದರ ಪ್ರದೇಶಗಳು 2,600ಕ್ಕೂ ಹೆಚ್ಚಾಗಿವೆ. ಒಂದೊಂದರಲ್ಲಿಯೂ ಲಕ್ಷಗಟ್ಟಲೆ ಸಂಖ್ಯೆಗಳು ಯಾರಿಗೂ ಸಿಕ್ಕದೆ ನಿಂತಿವೆ. ಅಣೆಯ ಹಿಂದೆ ನೀರು ನಿಂತಿದ್ದು ಅದನ್ನು ಬಿಡಲು ಕಾಲುವೆಯೇ ಇಲ್ಲದಿದ್ದರೆ ಹೇಗೋ, ಹಾಗೆ.

ಊರು ಬೆಳೆದಾಗ ಏನು ಮಾಡುತ್ತಾರೆ? ನಾವು ಕೊಂಬೆಯನ್ನೇ ಬದಲಾಯಿಸಿದೆವು. ಬೆಂಗಳೂರಿನ ಸಂಕೇತ ಹಿಂದೆ 0812 ಆಗಿತ್ತು. ಅದನ್ನು 080 ಮಾಡಿದಾಗ ಸ್ಥಳೀಯ ಸಂಖ್ಯೆಗೆ ಇನ್ನೊಂದು ಅಂಕಿಯ ಅವಕಾಶ ದೊರೆಯಿತು. ಹೈದರಾಬಾದಿನ 0842 ಕೂಡ ಹೀಗೆಯೇ 040 ಆಯಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಹಳೆಯ ಸಂಖ್ಯೆಗಳ ಮುಂದೆ ಒಂದು 2 ಅಂಟಿಸಲಾಯಿತು. ನಮ್ಮ ತಾಲ್ಲೂಕುಗಳಲ್ಲಿ ಐದು ಅಂಕಿಗಳಿದ್ದ ಸಂಖ್ಯೆಗಳು ಆರಾದುವು. ಅಂಗಡಿಯ ಹಲಗೆಗಳ ಮೇಲೆ ಬೇರೆ ಬಣ್ಣದಲ್ಲಿ ಇಕ್ಕಟ್ಟಾಗಿ ಸೇರಿಕೊಂಡ ಆ 2ನ್ನು ಹಿರಿಯರು ಮರೆತಿರಲಾರರು. ಅಮೆರಿಕದವರ ದಾರಿ ಬೇರೆ. ಅವರಲ್ಲಿ ಸಂಕೇತಕ್ಕೆ ಯಾವಾಗಲೂ ಮೂರೇ ಅಂಕಿ, ಸ್ಥಳೀಯ ಸಂಖ್ಯೆಗೆ ಏಳೇ. ಆದ್ದರಿಂದ ಸಂಖ್ಯೆಗಳು ತೀರಿದಾಗ ಪ್ರದೇಶವನ್ನು ಒಡೆದು ಒಂದು ಭಾಗಕ್ಕೆ ಹೊಸ ಸಂಕೇತ ಕೊಟ್ಟರು. 1947ರಲ್ಲಿ ಮೂರು ಸಂಕೇತಗಳಿದ್ದ ಕ್ಯಾಲಿಫೋರ್ನಿಯಕ್ಕೆ ಈಗ ಮೂವತ್ತಕ್ಕೂ ಹೆಚ್ಚು. ಒಡೆದಾಗಲೆಲ್ಲ ಲಕ್ಷಾಂತರ ಜನರ ಸಂಖ್ಯೆ ಬದಲಾಗುವುದನ್ನು ಕಂಡು, ಬರಬರುತ್ತ ಒಂದೇ ಪ್ರದೇಶದ ಮೇಲೆ ಎರಡನೆಯ ಸಂಕೇತವನ್ನು ಹೊದಿಸತೊಡಗಿದರು. ಆಗ ಒಂದೇ ಬೀದಿಯ ಎರಡು ಮನೆಗಳಿಗೆ ಎರಡು ಸಂಕೇತಗಳು. ನೆರೆಮನೆಗೂ ಪೂರ್ತಿ ಹತ್ತು ಅಂಕಿ. ಚುಂಚನಕಟ್ಟೆಯ ಮುದುಕಿಗೆ ಬರಲಿರುವ ಕಷ್ಟ ನ್ಯೂಯಾರ್ಕಿನವರಿಗೆ ಎಂದೋ ಬಂದಿತ್ತೆಂಬುದು ಸಮಾಧಾನವಲ್ಲ, ನಿಜ. ಆದರೂ ಅವರು ಬದುಕಿದ್ದಾರೆ.

ಸಂಕೇತವನ್ನು ನೆಲಕ್ಕೆ ಕಟ್ಟಿಹಾಕಿದ್ದ ಇನ್ನೊಂದು ಹಗ್ಗ ದರ. ದೂರ ಹೆಚ್ಚಿದಂತೆ ದುಡ್ಡು ಹೆಚ್ಚುತ್ತಿದ್ದ ಕಾಲದಲ್ಲಿ, ಕರೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಯಂತ್ರಕ್ಕೆ ತಿಳಿಸುತ್ತಿದ್ದುದು ಸಂಕೇತವೇ. ಕಾವೇರಿಯ ಸೇತುವೆಗೆ ಈಚೆ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ, ಆಚೆ ಕೊಡಗಿನ ಕುಶಾಲನಗರ. ನಡೆದುಹೋಗುವಷ್ಟು ಹತ್ತಿರ, ಆದರೆ ಈಚೆ 08223, ಆಚೆ 08276. ಕಾಸರಗೋಡಿನ ಕನ್ನಡಿಗರಿಗೆ ಮಂಗಳೂರು ಮನೆಯಂಗಳವಿದ್ದಂತೆ. ದೂರವಾಣಿಯ ಲೆಕ್ಕದಲ್ಲಿ ಅವರದು 04994, ಮಂಗಳೂರಿನದು 0824. ಸಂಕೇತದ ಗೆರೆ ಜನಜೀವನದ ಗೆರೆಯೇ ಆಗಿರಬೇಕೆಂದೇನೂ ಇಲ್ಲ. ಅಷ್ಟೇಕೆ, ಆಡಳಿತದ ಗೆರೆಯನ್ನೂ ಅದು ಹಿಂಬಾಲಿಸುವುದಿಲ್ಲ. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಅದರ 08226, ಕೊಳ್ಳೇಗಾಲದ 08224, ಗುಂಡ್ಲುಪೇಟೆಯ 08229 ಇಂದಿಗೂ ಹುಣಸೂರಿನ ದಾಯಾದಿಗಳೇ. ಸರಗೂರು ಹೆಗ್ಗಡದೇವನಕೋಟೆಯಿಂದ ಬೇರ್ಪಟ್ಟು ತಾಲ್ಲೂಕಾಯಿತು, ಸಾಲಿಗ್ರಾಮ ಕೃಷ್ಣರಾಜನಗರದಿಂದ. ಆದರೆ ಸಂಕೇತಗಳು ಕದಲಲಿಲ್ಲ. ಅವು ಹಳೆಯ ಭೂಪಟವನ್ನು ನೆನಪಿನಲ್ಲಿಟ್ಟುಕೊಂಡಿವೆ.

ಇಂದು ದೂರಕ್ಕೆ ತಕ್ಕ ದರ ಹೋಗಿದೆ. ಮೆಟ್ಟಿಲು ಏರುವ ಲೋಹದ ತೋಳುಗಳೂ ಹೋಗಿವೆ. ವಿನಿಮಯ ಕೇಂದ್ರದ ಗಣಕವು ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿ ದಾರಿಯನ್ನು ತಿಳಿದುಕೊಳ್ಳುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಕೈಯಲ್ಲೇ ಇದೆ. 2011ರ ಜನವರಿಯಿಂದ ದೇಶದಾದ್ಯಂತ ಮೊಬೈಲು ಸಂಖ್ಯೆಯನ್ನು ಉಳಿಸಿಕೊಂಡು ಸಂಸ್ಥೆಯನ್ನು ಬದಲಾಯಿಸಬಹುದಾಯಿತು. 2015ರಿಂದ ಅದೇ ಸಂಖ್ಯೆಯೊಡನೆ ಬೇರೆ ರಾಜ್ಯಕ್ಕೂ ಹೋಗಬಹುದಾಯಿತು. ಸಂಖ್ಯೆಯು ದಾರಿಯಾಗಿದ್ದದ್ದು ಮುಗಿದು ಬರಿಯ ಹೆಸರಾಯಿತು. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲನ್ನು ಕರೆಯುವಾಗ ಮುಂದೆ ಸೊನ್ನೆ ಸೇರಿಸಬೇಕೆಂಬ ನಿಯಮ ಬಂತು. ಒಂದು ಸೊನ್ನೆಯ ಶ್ರಮದಿಂದ ಮೊಬೈಲುಗಳಿಗಾಗಿ ಇನ್ನೂರು ಕೋಟಿಗೂ ಮೇಲ್ಪಟ್ಟು ಹೊಸ ಸಂಖ್ಯೆಗಳಿಗೆ ಅವಕಾಶವಾಗುವುದೆಂದು ಅಂದು ಎಣಿಸಲಾಗಿತ್ತು.

ಆದ್ದರಿಂದ ನನ್ನ ಮತ ಹೀಗೆ. ಗಂಟನ್ನು ಬಿಚ್ಚುವುದೇ ಸರಿ. ನೆರೆಮನೆಗೂ ಸೊನ್ನೆ, ಸಂಕೇತ ಎರಡನ್ನೂ ಒತ್ತುವ ಶ್ರಮ ಹಳ್ಳಿಯವರ ಪಾಲಿಗೆ ಬರುವುದು ದಿಟ. ಆದರೆ ಸ್ಥಳೀಯ ಸಂಖ್ಯೆಯ ಮೊದಲ ಅಂಕಿಯ ಮೇಲಿರುವ ಕಟ್ಟಳೆಯನ್ನು ಸಡಿಲಿಸುವುದು ಅದರಿಂದಲೇ ಸಾಧ್ಯ. 8223ರಲ್ಲಿ ನಿಂತಿರುವ ಸಂಖ್ಯೆಗಳು ರಾಜ್ಯದ ಬೇರೆಡೆಯವರ ಉಪಯೋಗಕ್ಕೆ ಬರುವುದೂ ಅದರಿಂದಲೇ. ಸಂಖ್ಯೆಗಳು ಯಾವ ತಾಲ್ಲೂಕಿನ ಸ್ವತ್ತೂ ಅಲ್ಲ. ಬಿಟ್ಟುಕೊಟ್ಟರೆ ನಮಗೆ ಕಡಮೆಯಾಗುವುದು ಏನೂ ಇಲ್ಲ, ಏಕೆಂದರೆ ಅವುಗಳನ್ನು ನಾವು ಬಳಸಿಯೇ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೆ ಅವಸರ ಬೇಡವೆನ್ನಿಸುತ್ತದೆ. ಸಂಕೇತವು ವಿಳಾಸವೂ ಆಗಿತ್ತು. ರಾತ್ರಿಯ ಹೊತ್ತಿನಲ್ಲಿ ಒಬ್ಬ ಒಂಟಿ ವೃದ್ಧನು ಸ್ಥಿರ ದೂರವಾಣಿಯಿಂದ 112ನ್ನು ಕರೆದು, ಮಾತು ಮುಗಿಯುವ ಮೊದಲೇ ಬಿದ್ದುಬಿಟ್ಟನೆಂದು ಊಹಿಸಿಕೊಳ್ಳಿ. 08228 ಎಂದು ಕಂಡರೆ, ಅದು ಹೆಗ್ಗಡದೇವನಕೋಟೆಯ ಸೀಮೆಯ ಕರೆಯೆಂದಾದರೂ ತಿಳಿಯುತ್ತದೆ. ನಾಳೆ ಅದೇ ಸಂಕೇತದ ಸಂಖ್ಯೆಯೊಂದು ಬೀದರಿನ ಮನೆಯಲ್ಲಿದ್ದರೆ, ಆಂಬುಲೆನ್ಸು ಯಾವ ಕಡೆಗೆ ಹೊರಡಬೇಕು? ಗಣಕದ ಪಟ್ಟಿ ಇದನ್ನು ಹೇಳಬಲ್ಲದು, ಆದರೆ ಪಟ್ಟಿಯಲ್ಲಿ ಮನೆಯ ವಿಳಾಸ ಸರಿಯಾಗಿ ದಾಖಲಾಗಿದ್ದರೆ ಮಾತ್ರ. ಮನೆ ಬದಲಾಯಿಸಿದವರ ವಿಳಾಸ, ಬಾಗಿಲುಸಂಖ್ಯೆಯೇ ಇಲ್ಲದ ತೋಟದ ಮನೆಗಳ ವಿಳಾಸ, ಸರಗೂರಿನಂತೆ ಹೊಸದಾಗಿ ತಾಲ್ಲೂಕಾದ ಕಡೆಗಳ ವಿಳಾಸ, ಇವನ್ನೆಲ್ಲ ದೂರವಾಣಿ ಸಂಸ್ಥೆಗಳು ಒಂದೊಂದಾಗಿ ತಾಳೆ ನೋಡಲಿ. ಹೊಸ ಸಂಖ್ಯೆಗಳನ್ನು ತಾಲ್ಲೂಕಿನ ಗಡಿ ದಾಟಿಸಿ ಹಂಚುವುದು ಅದಾದ ಮೇಲೆ.