ಜೆಇಇ ಇಲ್ಲದೆ ಐಐಟಿ ಪದವಿ: ಮದ್ರಾಸ್‌ನ ಬಿಎಸ್ ಕೋರ್ಸ್‌ಗೆ ಖರ್ಚೆಷ್ಟು, ಕೆಲಸ ಸಿಗುತ್ತಾ?

ಚೆನ್ನೈ: ದ್ವಿತೀಯ ಪಿಯು ಫಲಿತಾಂಶ ಬಂದ ಕೂಡಲೇ ಕರ್ನಾಟಕದ ಮನೆಗಳಲ್ಲಿ ಸೀಟಿನ ಲೆಕ್ಕಾಚಾರ ಶುರುವಾಗುತ್ತದೆ. ಸಿಇಟಿ ರ‍್ಯಾಂಕ್ ಕೈಕೊಟ್ಟರೆ ಕಾಮೆಡ್-ಕೆ, ಅದೂ ಆಗದಿದ್ದರೆ ಮ್ಯಾನೇಜ್‌ಮೆಂಟ್ ಕೋಟಾ. ಕೆಲವು ವರ್ಷಗಳಿಂದ ಈ ಪಟ್ಟಿಗೆ ಇನ್ನೊಂದು ಹೆಸರು ಸೇರಿಕೊಂಡಿದೆ. ಅದು ಐಐಟಿ ಮದ್ರಾಸ್ ಆನ್‌ಲೈನ್‌ನಲ್ಲಿ ನೀಡುವ ಡೇಟಾ ಸೈನ್ಸ್ ಪದವಿ. ಜೆಇಇ ಬೇಡ, ವಯಸ್ಸಿನ ಮಿತಿ ಇಲ್ಲ, ಶುಲ್ಕವೂ ಕಡಿಮೆ. ಹಾಗಾದರೆ ಕಷ್ಟ ಎಲ್ಲಿದೆ?

ಏನಿದು ಕೋರ್ಸ್?

2020ರ ಜೂನ್‌ನಲ್ಲಿ ಈ ಕಾರ್ಯಕ್ರಮ ಬಿ.ಎಸ್ಸಿ. ಹೆಸರಿನಲ್ಲಿ ಆರಂಭವಾಯಿತು. 2022ರಲ್ಲಿ ಅದನ್ನು ನಾಲ್ಕು ವರ್ಷದ ಬಿಎಸ್ ಪದವಿಗೆ ವಿಸ್ತರಿಸಲಾಯಿತು. 2023ರಲ್ಲಿ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ವಿಷಯದಲ್ಲೂ ಬಿಎಸ್ ಶುರುವಾಯಿತು.

ಡೇಟಾ ಸೈನ್ಸ್ ಕೋರ್ಸ್‌ನಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಫೌಂಡೇಷನ್, ಡಿಪ್ಲೊಮಾ, ಬಿ.ಎಸ್ಸಿ., ಬಿಎಸ್. ಯಾವ ಮೆಟ್ಟಿಲಲ್ಲಿ ನಿಂತರೂ ಅಲ್ಲಿಯವರೆಗಿನ ಪ್ರಮಾಣಪತ್ರ ಸಿಗುತ್ತದೆ. ಸಾಮಾನ್ಯವಾಗಿ ಬಿ.ಇ.ಯನ್ನು ಎರಡನೇ ವರ್ಷಕ್ಕೆ ಬಿಟ್ಟವರ ಕೈಯಲ್ಲಿ ಉಳಿಯುವುದು ಅಂಕಪಟ್ಟಿ ಮಾತ್ರ. ಅರ್ಧದಲ್ಲಿ ನಿಲ್ಲಿಸಬೇಕಾದ ಅನಿವಾರ್ಯತೆ ಬರಬಹುದಾದ ಮನೆಗಳಿಗೆ ಇದು ದೊಡ್ಡ ವ್ಯತ್ಯಾಸ.

ಖರ್ಚಿನ ಲೆಕ್ಕ

ಪೂರ್ಣ ಶುಲ್ಕ ಕಟ್ಟುವವರಿಗೆ ಫೌಂಡೇಷನ್ ಹಂತದ ಎಂಟು ವಿಷಯಗಳಿಗೆ ₹32,000. ನಾಲ್ಕೂ ಹಂತ ಮುಗಿಸಲು ಸುಮಾರು ₹3.15 ಲಕ್ಷದಿಂದ ₹3.5 ಲಕ್ಷ ಬೇಕಾಗುತ್ತದೆ. ಕರ್ನಾಟಕದ ಹಲವು ಖಾಸಗಿ ಕಾಲೇಜುಗಳಲ್ಲಿ ಕಾಮೆಡ್-ಕೆ ಸೀಟಿನ ಒಂದು ವರ್ಷದ ಶುಲ್ಕವೇ ₹2 ಲಕ್ಷ ದಾಟುತ್ತದೆ. ಐಐಟಿಗಳ ಬಿ.ಟೆಕ್‌ಗೆ ಪೂರ್ಣ ಬೋಧನಾ ಶುಲ್ಕ ವರ್ಷಕ್ಕೆ ₹2 ಲಕ್ಷ. ಕುಟುಂಬದ ಆದಾಯ ಮತ್ತು ವರ್ಗದ ಆಧಾರದ ಮೇಲೆ ಬಿಎಸ್ ಶುಲ್ಕದಲ್ಲಿ ಶೇ.50 ಅಥವಾ ಶೇ.75ರಷ್ಟು ರಿಯಾಯಿತಿಯೂ ಇದೆ. ಅದಕ್ಕೆ ಪ್ರಮಾಣಪತ್ರಗಳು ಸರಿಯಾಗಿರಬೇಕು.

ಇನ್ನೊಂದು ಅನುಕೂಲವೆಂದರೆ, ಇಡೀ ವರ್ಷದ ಹಣವನ್ನು ಒಮ್ಮೆಗೇ ಕಟ್ಟಬೇಕಿಲ್ಲ. ಆ ಅವಧಿಗೆ ಎಷ್ಟು ವಿಷಯ ಆಯ್ದುಕೊಂಡರೋ ಅಷ್ಟಕ್ಕೇ ಶುಲ್ಕ. ಹಾಸ್ಟೆಲ್, ಮೆಸ್ ಖರ್ಚೂ ಇಲ್ಲ. ಆದರೆ ಲ್ಯಾಪ್‌ಟಾಪ್, ಇಂಟರ್ನೆಟ್ ಬೇಕೇ ಬೇಕು. ಪಾಠ ಆನ್‌ಲೈನ್ ಆದರೂ ಪರೀಕ್ಷೆ ಆನ್‌ಲೈನ್ ಅಲ್ಲ. ಕ್ವಿಜ್ ಮತ್ತು ಅಂತಿಮ ಪರೀಕ್ಷೆಗೆ ನಿಗದಿತ ಕೇಂದ್ರಕ್ಕೇ ಹೋಗಬೇಕು. ಬೆಂಗಳೂರಿನವರಿಗೆ ಇದು ಹೊರೆಯಲ್ಲ. ದೂರದ ತಾಲ್ಲೂಕಿನ ವಿದ್ಯಾರ್ಥಿಗೆ ಬಸ್ ಚಾರ್ಜು, ಊಟ, ಕೆಲವೊಮ್ಮೆ ರಾತ್ರಿ ತಂಗುವ ಖರ್ಚೂ ಸೇರುತ್ತದೆ.

ಬಾಗಿಲು ಅಗಲ, ದಾರಿ ಕಡಿದು

ಪ್ರವೇಶಕ್ಕೆ ಅರ್ಜಿ ಹಾಕಿದವರಿಗೆ ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯುಟೇಷನಲ್ ಥಿಂಕಿಂಗ್ ಮತ್ತು ಇಂಗ್ಲಿಷ್ ವಿಷಯಗಳಲ್ಲಿ ನಾಲ್ಕು ವಾರ ಪಾಠ ಇರುತ್ತದೆ. ಅದರ ಮೇಲೆಯೇ ಅರ್ಹತಾ ಪರೀಕ್ಷೆ. ಪಾಸಾದ ಎಲ್ಲರಿಗೂ ಪ್ರವೇಶ. ಸೀಟಿಗಾಗಿ ಪೈಪೋಟಿ ಇಲ್ಲ.

ಸೋಸುವ ಕೆಲಸ ನಡೆಯುವುದು ಒಳಗೆ. ವಾರ ವಾರವೂ ಅಸೈನ್‌ಮೆಂಟ್, ವರ್ಷಕ್ಕೆ ಮೂರು ಅವಧಿ, ನಡುನಡುವೆ ಕ್ವಿಜ್. ಫೌಂಡೇಷನ್ ಪೂರ್ತಿಯಾಗದೆ ಡಿಪ್ಲೊಮಾಗೆ ಹೋಗುವಂತಿಲ್ಲ. ಬೋಧನೆ, ಪರೀಕ್ಷೆ ಎರಡೂ ಇಂಗ್ಲಿಷ್‌ನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಗಣಿತದ ಜೊತೆ ಭಾಷೆಯನ್ನೂ ಗೆಲ್ಲಬೇಕು, ಅದೂ ಪಕ್ಕದಲ್ಲಿ ಗೆಳೆಯರಾಗಲಿ ಮೇಷ್ಟ್ರಾಗಲಿ ಇಲ್ಲದೆ. ಪದವಿ ಮುಗಿಸಲು ಗರಿಷ್ಠ ಎಂಟು ವರ್ಷ ಅವಕಾಶ ಕೊಟ್ಟಿರುವುದೇ, ಎಲ್ಲರೂ ನಾಲ್ಕು ವರ್ಷಕ್ಕೆ ಮುಗಿಸುವುದಿಲ್ಲ ಎಂಬುದನ್ನು ಹೇಳುತ್ತದೆ.

ಅಂದರೆ ಇಲ್ಲಿ ಕುಟುಂಬ ಪಣಕ್ಕಿಡುವುದು ಹಣಕ್ಕಿಂತ ಹೆಚ್ಚಾಗಿ ಮಗ ಅಥವಾ ಮಗಳ ವರ್ಷಗಳನ್ನು.

ಕೆಲಸದ ಮಾತು

ಜಾಹೀರಾತಿನಲ್ಲಿ ಕಣ್ಣು ಕುಕ್ಕುವ ಐಐಟಿ ಪ್ಯಾಕೇಜ್‌ಗಳು ಕ್ಯಾಂಪಸ್‌ನ ಬಿ.ಟೆಕ್ ವಿದ್ಯಾರ್ಥಿಗಳವು. ಬಿಎಸ್ ವಿದ್ಯಾರ್ಥಿಗಳು ಆ ಪ್ಲೇಸ್‌ಮೆಂಟ್ ಪ್ರಕ್ರಿಯೆಯ ಭಾಗವಲ್ಲ. ಅವರಿಗೆ ಪ್ರತ್ಯೇಕ ವ್ಯವಸ್ಥೆ ಇದೆ. ಬಿಎಸ್ ಎಂದರೆ ಬಿ.ಇ. ಅಥವಾ ಬಿ.ಟೆಕ್ ಅಲ್ಲ. ಎಂಜಿನಿಯರಿಂಗ್ ಪದವಿಯನ್ನೇ ಕಡ್ಡಾಯವಾಗಿ ಕೇಳುವ ಹುದ್ದೆಗಳಿಗೆ ಅರ್ಜಿ ಹಾಕುವ ಮುನ್ನ ನಿಯಮ ಓದಿಕೊಳ್ಳಬೇಕು.

ಕ್ಯಾಂಪಸ್ ಒಳಗಿನ ಚಿತ್ರವೂ ಮೊದಲಿನಂತಿಲ್ಲ. ಸಂಸತ್ತಿನ ಶಿಕ್ಷಣ ಸ್ಥಾಯಿ ಸಮಿತಿ 2025ರಲ್ಲಿ ಮಂಡಿಸಿದ ವರದಿಯ ಪ್ರಕಾರ, 2021-22ಕ್ಕೆ ಹೋಲಿಸಿದರೆ 2023-24ರಲ್ಲಿ ಬಹುತೇಕ ಐಐಟಿಗಳ ಪ್ಲೇಸ್‌ಮೆಂಟ್ ಕುಸಿದಿದೆ. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ 2019ರಿಂದ ಸತತವಾಗಿ ದೇಶಕ್ಕೇ ಮೊದಲ ಸ್ಥಾನ ಪಡೆಯುತ್ತಾ ಬಂದಿರುವ ಮದ್ರಾಸ್ ಕೂಡ ಇದಕ್ಕೆ ಹೊರತಲ್ಲ. ಹೆಸರೊಂದೇ ಕೆಲಸ ಕೊಡಿಸುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ಯಾರಿಗೆ ಸರಿ?

ಈಗಾಗಲೇ ಕೆಲಸದಲ್ಲಿದ್ದು ಡೇಟಾ ಕ್ಷೇತ್ರಕ್ಕೆ ಬದಲಾಗಬೇಕೆನ್ನುವವರಿಗೆ, ಊರಿನ ಕಾಲೇಜಿನಲ್ಲಿ ಬಿ.ಕಾಂ. ಅಥವಾ ಬಿ.ಎಸ್ಸಿ. ಓದುತ್ತಲೇ ಎರಡನೇ ಪದವಿ ಬೇಕೆನ್ನುವವರಿಗೆ ಇದು ಹೊಂದುತ್ತದೆ. ಮೊದಲ ಹಂತಕ್ಕೆ ₹32,000 ಖರ್ಚು ಮಾಡಿ ತಮ್ಮ ಶಕ್ತಿ ಅಳೆದುಕೊಳ್ಳುವ ಅವಕಾಶವಿದೆ. ಪಿಯು ಮುಗಿಸಿ, ಬೇರೆ ಯಾವ ಕಾಲೇಜಿಗೂ ಸೇರದೆ ಇದೊಂದನ್ನೇ ನೆಚ್ಚಿಕೊಳ್ಳುವವರು ಮಾತ್ರ ಎರಡು ಸಲ ಯೋಚಿಸಬೇಕು.

ಕಾಲೇಜು ಚೆನ್ನೈನದಾಗಲಿ, ಮನೆ ಪಕ್ಕದ್ದಾಗಲಿ, ಪೋಷಕರು ಕೇಳಬೇಕಾದ ಪ್ರಶ್ನೆ ಅತಿ ಹೆಚ್ಚಿನ ಪ್ಯಾಕೇಜ್ ಎಷ್ಟು ಎಂಬುದಲ್ಲ. ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು? ಶೇಕಡಾವಾರು ಲೆಕ್ಕ ಹಾಕಿರುವುದು ಸೇರಿದವರ ಮೇಲೋ, ಪ್ಲೇಸ್‌ಮೆಂಟ್‌ಗೆ ನೋಂದಾಯಿಸಿಕೊಂಡವರ ಮೇಲೋ? ಮಧ್ಯದಲ್ಲಿ ನಿಂತಿರುವವರ ಸಂಬಳ ಎಷ್ಟು? ಈ ಮೂರಕ್ಕೆ ಲಿಖಿತ ಉತ್ತರ ಸಿಕ್ಕ ಮೇಲೆಯೇ ಶುಲ್ಕ ಹೆಚ್ಚೋ ಕಡಿಮೆಯೋ ಎಂದು ನಿರ್ಧರಿಸಲು ಸಾಧ್ಯ.